ಪ್ರಸಾದಣ್ಣ ಎರಡು ಸಲ ಓಡಿಸಿದ ಓಟ

ಕೊಲ್ಲಿಯಡ್ಕದ ಗಣೇಶಪ್ರಸಾದರನ್ನು ಊರಿನವರು ಪ್ರಸಾದಣ್ಣ ಎನ್ನುತ್ತಾರೆ. ಅವರು ತಮ್ಮನ್ನು ಕ್ರೀಡಾಪ್ರೇಮಿ ಎನ್ನುತ್ತಾರೆ. ನೆಕ್ರಾಜೆಯಿಂದ ಒಳಗೆ ತಿರುಗುವ ರಸ್ತೆಯ ಬದಿಯಲ್ಲಿ ಅವರದೊಂದು ಮೈಕ್ ಸೆಟ್ಟಿನ ಅಂಗಡಿ. ಮದುವೆಗೆ, ಗೃಹಪ್ರವೇಶಕ್ಕೆ, ಚುನಾವಣೆಗೆ ಬಾಡಿಗೆಗೆ ಕೊಡುವುದು ಕಸುಬು. ಅಂಗಡಿಯ ಗೋಡೆಯಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಪ್ರಶಸ್ತಿಪತ್ರ ತೂಗುತ್ತದೆ. ಶಾಲೆಯಲ್ಲಿದ್ದಾಗ ಹಗ್ಗಜಗ್ಗಾಟದಲ್ಲಿ ಗೆದ್ದದ್ದು. ಆ ತಂಡದಲ್ಲಿ ಅವರು ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ಎಲ್ಲರಿಗಿಂತ ಹಿಂದೆ ನಿಂತವರು. ಎಳೆದವರು ಮುಂದಿದ್ದರು. ಅವರಲ್ಲಿ ಒಬ್ಬರೂ ಪತ್ರವನ್ನು ಇಟ್ಟುಕೊಂಡ ಹಾಗಿಲ್ಲ.

ಶಾಲೆಯ ಕ್ರೀಡಾ ಸಮಿತಿಗೆ ಪ್ರಸಾದಣ್ಣನೇ ಅಧ್ಯಕ್ಷರು. ಏಕೆ ಎಂದು ಯಾರೂ ಕೇಳಿಲ್ಲ. ಮೈಕು ಅವರದು, ಅಷ್ಟೆ.

ಈ ಸಲ ಮಳೆ ಬಿಟ್ಟು ಮೈದಾನ ಒಣಗಿದ ಕೂಡಲೇ ಅಲ್ಲಿಗೆ ಎರಡು ಬಗೆಯವು ಬಂದಿಳಿದವು: ಫುಟ್‌ಬಾಲ್ ಆಡುವ ಮಕ್ಕಳು ಮತ್ತು ಮ್ಯಾನೇಜರ ಅಡಿಕೆ. ಶಾಲೆ ಅನುದಾನಿತ. ಕಟ್ಟಡವೂ ನೆಲವೂ ಮ್ಯಾನೇಜರ್ ಶರತ್ಚಂದ್ರರದು. ಮನೆಯಂಗಳ ಸಾಲದೆಂದು ಅವರು ಮೈದಾನದ ಅರ್ಧಕ್ಕೆ ಅಡಿಕೆ ಹರಡಿಸುತ್ತಾರೆ. ಅದನ್ನು ದಿನವೂ ಮಗುಚಿ ಹಾಕುವ ಕೆಲಸ ಗಿರಿಜಕ್ಕನದು. ಗಿರಿಜಕ್ಕನ ಮಗಳು ದೀಕ್ಷಿತಾ ಅದೇ ಶಾಲೆಯಲ್ಲಿ ಏಳನೇ ತರಗತಿ.

ಆಟ ಕಲಿಸಲು ಹೊಸದಾಗಿ ಬಂದಿದ್ದ ಸ್ವೀಡಲ್ ಟೀಚರ್, ಒಂದು ತಿಂಗಳ ಮಟ್ಟಿಗೆ ಅಡಿಕೆ ತೆಗೆಸಲು ಮ್ಯಾನೇಜರಲ್ಲಿ ಹೇಳಬಹುದೇ ಎಂದು ಪ್ರಸಾದಣ್ಣನನ್ನು ಕೇಳಿದರು.

“ಎಂತ ಟೀಚರೇ ನೀವು? ಅವರ ಜಾಗ, ಅವರ ಅಡಿಕೆ. ಸಣ್ಣ ಮಕ್ಕಳಿಗೆ ಅರ್ಧ ಮೈದಾನ ಧಾರಾಳ ಆಯ್ತು. ಅಲ್ಲ, ಇವರೆಂತ ವಿಶ್ವಕಪ್ಪು ಆಡ್ಲಿಕ್ಕೆ ಹೋಗುದಾ?” ಎಂದು ಹೇಳಿ ತಮ್ಮ ಮಾತಿಗೆ ತಾವೇ ನಕ್ಕರು.

ಹಾಗೆ ಹುಡುಗರು ಅರ್ಧದಲ್ಲಿ ಆಡಿದರು. ಚೆಂಡು ಹಾರಿ ಅಡಿಕೆಗೆ ಬಿದ್ದರೆ ಗಿರಿಜಕ್ಕ ಅದನ್ನು ಸಂಜೆಯವರೆಗೆ ಸೆರಗಿನಲ್ಲಿ ಕಟ್ಟಿಡುತ್ತಿದ್ದಳು. ಆದ್ದರಿಂದ ಯಾರೂ ಎತ್ತರಕ್ಕೆ ಒದೆಯಲಿಲ್ಲ. ಚೆಂಡು ಕಾಲಿನಿಂದ ಕಾಲಿಗೆ, ನೆಲ ಬಿಡದೆ, ಓಣಿಯಲ್ಲಿ ಇಲಿ ಓಡಿದ ಹಾಗೆ ಓಡುತ್ತಿತ್ತು. ಪ್ರಸಾದಣ್ಣ ಒಂದು ಸಂಜೆ ಇದನ್ನು ಕಂಡು ಮೈಕಿನಲ್ಲಿ ಸಾರಿದರು: “ಇದು ನಮ್ಮ ಕೊಲ್ಲಿಯಡ್ಕದ ಶೈಲಿ! ಇದರ ಹಿಂದೆ ಒಂದು ತಂತ್ರ ಉಂಟು!”

ಬದಿಯಡ್ಕದ ಕಡೆ ಪಂದ್ಯಕ್ಕೆ ಹೋದಾಗ, ಅಲ್ಲಿಯ ಪೂರ್ತಿ ಮೈದಾನದಲ್ಲಿ ಆ ತಂತ್ರ ಒಂದೇ ದಿನಕ್ಕೆ ಮುಗಿಯಿತು. ಅಷ್ಟು ಜಾಗವನ್ನು ಏನು ಮಾಡಬೇಕೆಂದೇ ಹುಡುಗರಿಗೆ ತಿಳಿಯಲಿಲ್ಲ. ಒಬ್ಬರಿಗೊಬ್ಬರು ಅಂಟಿಕೊಂಡು ಮೂಲೆಯಲ್ಲೇ ಆಡಿದರು. ಎದುರಿನವರು ಅವರ ತಲೆಯ ಮೇಲಿಂದ ಚೆಂಡು ದಾಟಿಸಿ ಗೋಲಿನ ಮೇಲೆ ಗೋಲು ಹೊಡೆದರು. ನಮ್ಮ ಕಡೆಯ ಒಂದೇ ಗೋಲು ಸುಜನ್ ಎಂಬ ಹುಡುಗನದು. ಆ ಹೊತ್ತಿಗೆ ಪ್ರಸಾದಣ್ಣ ಮೈದಾನಕ್ಕೆ ಬೆನ್ನು ಹಾಕಿ, ಆಗಷ್ಟೇ ಬಂದ ಪಂಚಾಯತ್ ಸದಸ್ಯರನ್ನು ಮೈಕಿನಲ್ಲಿ ಸ್ವಾಗತಿಸುತ್ತಿದ್ದರು. ಕೂಗು ಕೇಳಿ ತಿರುಗಿ, ಯಾರೆಂದು ವಿಚಾರಿಸದೆ, “ರೋಶನ್‌ನಿಂದ ಅದ್ಭುತ ಗೋಲು!” ಎಂದರು. ರೋಶನ್ ನಮ್ಮ ಗೋಲ್‌ಕೀಪರ್.

ಆಟ ಮುಗಿದ ಮೇಲೆ ಸುಜನ್ ಅವರ ಹತ್ತಿರ ಹೋಗಿ, “ಅದು ನಾನು ಹೊಡೆದದ್ದು ಪ್ರಸಾದಣ್ಣ” ಎಂದ.

“ಹೌದು ಹೌದು, ಗೊತ್ತುಂಟು ರೋಶನ್. ಲಾಯ್ಕ ಹೊಡ್ದಿ. ಹೋಗಿ ನೀರು ಕುಡಿ.”

ಎಷ್ಟೋ ವರ್ಷಗಳಿಂದ ಮಕ್ಕಳ ಹೆಸರು ಕೂಗುತ್ತ ಬಂದವರು ಒಂದು ಮಗುವಿನ ಮುಖವನ್ನೂ ಸರಿಯಾಗಿ ನೋಡಿರಲಿಲ್ಲ.

ಹುಡುಗಿಯರಿಗೆ ಆ ಅರ್ಧವೂ ಸಿಗಲಿಲ್ಲ. ಅವರು ಗೇಟು ದಾಟಿ ಓಡಿದರು: ರಸ್ತೆಯ ಮೋರಿ, ಅಲ್ಲಿಂದ ಮುಳಿಹುಲ್ಲಿನ ಗುಡ್ಡ, ಗುಡ್ಡದ ಆಚೆ ಗೇರುಮರಗಳ ನಡುವೆ ಇಳಿದು ಶಾಲೆಯ ಹಿಂಬದಿಗೆ. ಬೆಳಗ್ಗೆ ಆ ಗುಡ್ಡದಲ್ಲಿ ಹುಲ್ಲಿನ ತುದಿಗಳು ಇಬ್ಬನಿಗೆ ಬಾಗಿರುತ್ತವೆ. ದೀಕ್ಷಿತಾ ಓಡಿಹೋದ ದಾರಿಯಲ್ಲಿ ಹುಲ್ಲು ಇಬ್ಬನಿ ಕೊಡವಿ ನೆಟ್ಟಗಾಗುತ್ತಿತ್ತು. ಚಪ್ಪಲಿ ಬಿಟ್ಟು ಓಡುತ್ತಿದ್ದಳು. ಮುರಕಲ್ಲಿನ ಒರಟು ಕೆಂಪು ನೆಲ ಅವಳ ಕಾಲಿಗೆ ಪರಿಚಯದ್ದು.

ಶಾಲೆಯ ಗುಡ್ಡಗಾಡು ಓಟದಲ್ಲಿ ಮೊದಲು ಬಂದ ನಾಲ್ವರು ಹುಡುಗಿಯರು ಉಪಜಿಲ್ಲೆಯ ಕ್ರೀಡಾಕೂಟಕ್ಕೆ ಹೋಗುತ್ತಾರೆ. ಅಲ್ಲಿಗೆ ಕ್ರೀಡಾ ಹಾಸ್ಟೆಲ್ಲಿಗೆ ಮಕ್ಕಳನ್ನು ಆರಿಸುವವರು ಬರುತ್ತಾರೆ ಎಂದು ಸ್ವೀಡಲ್ ಟೀಚರ್ ಹೇಳಿದ್ದರು. ಆ ದಿನದಿಂದ ದೀಕ್ಷಿತಾಳಿಗೆ ಬೇರೆ ಯೋಚನೆ ಇರಲಿಲ್ಲ.

“ಹಾಸ್ಟೆಲ್ಲಿನಲ್ಲಿ ಮೈದಾನ ಪೂರ್ತಿ ಇರ್ತದಾ ಟೀಚರ್?”

“ಪೂರ್ತಿ. ಅಡಿಕೆ ಇಲ್ಲ ಮಾರಾಯ್ತಿ.”

ಓಟದ ಬೆಳಗ್ಗೆ ಮಕ್ಕಳು ಸುಣ್ಣದ ಗೆರೆಯ ಹಿಂದೆ ನಿಂತು ತುಂಬ ಹೊತ್ತಾಗಿತ್ತು. ಹಸಿರು ನಿಶಾನೆ ಬೀಸಲು ಮ್ಯಾನೇಜರು ಬರಬೇಕಿತ್ತು. ಅವರು ಅಗಲ್ಪಾಡಿಯಲ್ಲಿ ನೆಂಟರ ಮನೆಯ ಪೂಜೆಗೆ ಹೋಗಿದ್ದರು. ಪ್ರಸಾದಣ್ಣ ಮೈಕಿನಲ್ಲಿ ಅವರ ದಾನಗುಣವನ್ನು ಬಣ್ಣಿಸುತ್ತಿದ್ದರು. ಬಿಸಿಲು ಮಕ್ಕಳ ನೆತ್ತಿಗೆ ಬಂತು.

“ಇನ್ನು ಬಿಡುವ ಪ್ರಸಾದಣ್ಣ, ಮಕ್ಕಳು ಬಾಡಿ ಹೋಗ್ತಾರೆ” ಎಂದರು ಟೀಚರ್.

“ನಿಶಾನೆ ಯಾರು ತೋರ್ಸುದು? ನೀವಾ?”

ಅಷ್ಟರಲ್ಲಿ ಪತ್ರಿಕೆಗೆ ಸುದ್ದಿ ಕಳಿಸುವ ಜಿತೇಂದ್ರ ಕ್ಯಾಮೆರಾ ಎತ್ತಿಕೊಂಡ. ಅವನಿಗೆ ಇನ್ನೊಂದು ಕಡೆ ರಕ್ತದಾನ ಶಿಬಿರವಿತ್ತು. “ಪ್ರಸಾದಣ್ಣ, ನೀವೇ ಒಮ್ಮೆ ಬೀಸಿ ತೋರ್ಸಿ. ಬೆಳಕು ಸರಿ ಉಂಟಾ ನೋಡ್ತೇನೆ.”

ಪ್ರಸಾದಣ್ಣನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಅಂಗಿಯ ಕಾಲರು ಸರಿಮಾಡಿ, ಹೊಟ್ಟೆ ಒಳಗೆಳೆದು, ನಿಶಾನೆಯನ್ನು ಎತ್ತಿ, ಗಾಂಭೀರ್ಯದಿಂದ ಕೆಳಗಿಳಿಸಿದರು.

ನಿಶಾನೆ ಕೆಳಗೆ ಬಂದರೆ ಓಡಬೇಕು ಎಂದು ಮಕ್ಕಳಿಗೆ ಕಲಿಸಲಾಗಿತ್ತು. ಮಕ್ಕಳು ಓಡಿದರು.

“ಏಯ್! ನಿಲ್ಲಿ! ಇದು ಫೋಟೋಕ್ಕೆ ಮಾತ್ರ! ಮಕ್ಕಳೇ, ಇದು ಫೋಟೋಕ್ಕೆ ಮಾತ್ರ!” ಮೈಕಿನ ದನಿ ಗುಡ್ಡಕ್ಕೆ ಬಡಿದು ವಾಪಸು ಬಂತು. ಹಿಂದಿದ್ದ ಕೆಲವರು ಅದನ್ನು ಕೇಳಿ ಮೋರಿಯ ಹತ್ತಿರ ನಿಂತರು. ಮುಂದಿದ್ದವರು ಗುಡ್ಡದ ಆಚೆ ಇಳಿದಾಗಿತ್ತು.

ದೀಕ್ಷಿತಾ ಗೇರುಮರಗಳ ಕಡೆಯಿಂದ ಒಬ್ಬಳೇ ಬಂದಳು. ಎರಡನೆಯವಳು ಕಾಣಿಸಿಕೊಳ್ಳುವಷ್ಟರಲ್ಲಿ ಅವಳ ಉಸಿರು ಹತೋಟಿಗೆ ಬಂದಿತ್ತು. ಅಡಿಕೆ ಮಗುಚುತ್ತಿದ್ದ ಗಿರಿಜಕ್ಕ ಮಗುಚುವ ಹಲಗೆಯ ಉದ್ದ ಹಿಡಿಗೆ ಗಲ್ಲ ಊರಿ ನೋಡಿದಳು. ನಗಲಿಲ್ಲ, ಆದರೆ ಮಗುಚುವುದನ್ನೂ ಮುಂದುವರಿಸಲಿಲ್ಲ.

ಆಗ ಮ್ಯಾನೇಜರ ಕಾರು ಬಂತು. “ಎಂತ ಪ್ರಸಾದ, ಆಯ್ತಾ ಓಟ?”

“ಛೆ ಛೆ, ಇಲ್ಲಣ್ಣ! ನೀವು ಬಾರದೆ ಆಗುದುಂಟಾ? ಅದು ಮಕ್ಕಳು ಸ್ವಲ್ಪ ಮೈ ಬಿಸಿ ಮಾಡಿಕೊಂಡದ್ದು.”

ಮಕ್ಕಳನ್ನು ಮತ್ತೆ ಗೆರೆಯ ಹಿಂದೆ ನಿಲ್ಲಿಸಿದರು. “ಓಡಿದವರು ಓಡಿ ಆಯ್ತಲ್ಲ” ಎಂದು ಟೀಚರ್ ಹೇಳಿದ್ದು ಮೈಕಿನ ಮುಂದೆ ಎಲ್ಲಿಗೂ ತಲುಪಲಿಲ್ಲ. ಮ್ಯಾನೇಜರು ನಿಶಾನೆ ಬೀಸಿದರು. ಜಿತೇಂದ್ರ ಫೋಟೋ ತೆಗೆದು ರಕ್ತದಾನಕ್ಕೆ ಹೊರಟುಹೋದ. ಮ್ಯಾನೇಜರೂ, ಓಟ ಗುಡ್ಡ ಹತ್ತುವ ಮೊದಲೇ, ತಮ್ಮ ಅಡಿಕೆಯನ್ನು ಒಮ್ಮೆ ಕೈಯಲ್ಲಿ ತೂಗಿ ನೋಡಿ ಕಾರು ಹತ್ತಿದರು.

ಈ ಸಲ ಮೊದಲು ಬಂದವರಲ್ಲಿ ಮೋರಿಯ ಹತ್ತಿರ ಕುಳಿತು ದಣಿವಾರಿಸಿಕೊಂಡವರೂ ಇದ್ದರು. ನಾಲ್ಕನೆಯವಳು ಅಕ್ಷಯಾ. ದೀಕ್ಷಿತಾ ಐದನೆಯವಳು. ಗುಡ್ಡದ ಇಳಿಜಾರಿನಲ್ಲಿ ಕಾಲು ಹಿಡಿದುಕೊಂಡಿತ್ತು. ಕೊನೆಯ ಭಾಗವನ್ನು ಕುಂಟಿಕೊಂಡು ಬಂದಳು. ಪ್ರಸಾದಣ್ಣ ನಾಲ್ಕು ಹೆಸರು ಕೂಗಿ, ನಡುನಡುವೆ ಮ್ಯಾನೇಜರ ಹೆಸರನ್ನೂ ಕೂಗಿ, ವಯರು ಸುತ್ತತೊಡಗಿದರು. ದೀಕ್ಷಿತಾ ಅಳಲಿಲ್ಲ. ಹೋಗಿ ಅಮ್ಮನ ಕೈಯಿಂದ ಹಲಗೆ ತೆಗೆದುಕೊಂಡು ಅಡಿಕೆ ಮಗುಚಲು ಶುರುಮಾಡಿದಳು. ಅದನ್ನು ನೋಡುವುದು ಅಳುವುದನ್ನು ನೋಡುವುದಕ್ಕಿಂತ ಕಷ್ಟವಾಗಿತ್ತು.

ಮರುದಿನ ಸ್ವೀಡಲ್ ಟೀಚರ್ ಅಕ್ಷಯಾಳನ್ನು ಕರೆದರು. ಅವರು ಬಾಯಿ ತೆರೆಯುವ ಮೊದಲೇ ಅವಳೆಂದಳು: “ಟೀಚರ್, ದೀಕ್ಷಿತಾನೇ ಹೋಗ್ಲಿ. ನಾನು ಮೊದಲಿನ ಸಲ ಮೋರಿಯ ಕಟ್ಟೆಯಲ್ಲಿ ಕೂತು ನೆಲ್ಲಿಕಾಯಿ ತಿಂದದ್ದು. ಅಲ್ಲಿ ಹೋದ್ರೆ ನಾನು ಕಡೆಯವಳೇ, ನೋಡಿ ಬೇಕಾದ್ರೆ.”

“ಬೇಜಾರಿಲ್ವಾ ನಿನಗೆ?”

ಅಕ್ಷಯಾ ಸ್ವಲ್ಪ ಯೋಚಿಸಿದಳು. “ಹೋಗುವಾಗ ಹಾರ ಹಾಕ್ತಾರಲ್ಲ, ಅದು ನನಗೆ ಬೇಕು.”

“ಪ್ರಸಾದಣ್ಣನಿಗೆ ಎಂತ ಹೇಳುದು?”

“ಅವರಿಗೆಂತಕ್ಕೆ ಹೇಳುದು ಟೀಚರ್? ಅವರಿಗೆ ನಮ್ಮನ್ನು ಗೊತ್ತುಂಟಾ?”

ಟೀಚರ್ ಉಪಜಿಲ್ಲೆಯ ಪಟ್ಟಿಯಲ್ಲಿ ದೀಕ್ಷಿತಾಳ ಹೆಸರನ್ನೇ ಬರೆದು ಕಳಿಸಿದರು. ಹೊರಡುವ ಬೆಳಗ್ಗೆ ಜೀಪು ಗೇಟಿನ ಹತ್ತಿರ ನಿಂತಿತ್ತು. ಪ್ರಸಾದಣ್ಣ ಮೈಕು ತಂದಿದ್ದರು. ಒಬ್ಬೊಬ್ಬರ ಹೆಸರು ಕೂಗಿ ಸೇವಂತಿಗೆ ಹಾರ ಹಾಕಿದರು. ಕೊನೆಗೆ “ಅಕ್ಷಯಾ!” ಎಂದರು. ದೀಕ್ಷಿತಾ ಮುಂದೆ ಬಂದು ಕುತ್ತಿಗೆ ಬಗ್ಗಿಸಿದಳು. ಅಡಿಕೆಯ ಬದಿಯಲ್ಲಿ ಗಿರಿಜಕ್ಕನ ಕೈ ನಿಂತಿತು. ಹುಡುಗರ ಸಾಲಿನಲ್ಲಿ ಸುಜನ್ ಬಾಯಿಗೆ ಕೈ ಅಡ್ಡ ಹಿಡಿದ.

ಪ್ರಸಾದಣ್ಣ ಅವಳ ಮುಖವನ್ನೇ ನೋಡುತ್ತ, ಅವಳ ತಲೆಯ ಮೇಲೆ ಕೈಯಿಟ್ಟು, ಮೈಕಿನಲ್ಲಿ ಹೇಳಿದರು: “ಅಕ್ಷಯಾ, ನಿನ್ನನ್ನು ನಾನು ಸಣ್ಣವಳಿರುವಾಗಿಂದ ನೋಡಿದವ. ಊರಿನ ಹೆಸರು ಉಳಿಸಬೇಕು, ಆಯ್ತಾ?”

“ಆಯ್ತು ಪ್ರಸಾದಣ್ಣ” ಎಂದಳು ದೀಕ್ಷಿತಾ.

ಜೀಪಿಗೆ ಕಾಲಿಡುವಾಗ ಅವಳು ಹಾರ ತೆಗೆದು, ಗೇಟಿಗೆ ಒರಗಿ ಕಾಯುತ್ತಿದ್ದ ಅಕ್ಷಯಾಳ ಕೊರಳಿಗೆ ಹಾಕಿದಳು. ಪ್ರಸಾದಣ್ಣ ಕಣ್ಣರಳಿಸಿದರು. “ನೋಡಿ, ನೋಡಿ! ಇದು ಕ್ರೀಡಾ ಮನೋಭಾವ! ಸೋತ ಗೆಳತಿಗೆ ಗೆದ್ದವಳ ಹಾರ! ಇದನ್ನು ಕಲಿಸಿದ್ದು ನಮ್ಮ ಸಮಿತಿ!” ಚಪ್ಪಾಳೆ ಜೋರಾಗಿಯೇ ಬಿತ್ತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಅಕ್ಷಯಾ. ಜೀಪು ಮೋರಿ ದಾಟಿ ಬಲಕ್ಕೆ ತಿರುಗುವವರೆಗೂ ಅವರು ಮಾತಾಡುತ್ತಲೇ ಇದ್ದರು. ಜೀಪಿನೊಳಗಿನ ನಗು ಅವರಿಗೆ ಕೇಳಿಸಲಿಲ್ಲ.

ಉಪಜಿಲ್ಲೆಯಲ್ಲಿ ದೀಕ್ಷಿತಾ ಎರಡನೆಯವಳಾದಳು. ಹಾಸ್ಟೆಲ್ಲಿನವರು ಅವಳನ್ನು ಹತ್ತಿರ ಕರೆದು ಹೆಸರು ಕೇಳಿದರು. ಮುಖ ನೋಡಿ ಕೇಳಿದರು, ಅವಳು ಹೇಳಿದ್ದನ್ನೇ ಬರೆದುಕೊಂಡರು.