ಕಲಗಚ್ಚಿನ ಬಾನಿಯ ಆಮೆ

ಎರಡನೇ ಮಹಡಿಯ ಬಾಡಿಗೆ ಹುಡುಗ ಊರಿಗೆ ಹೋಗುವಾಗ ಬೀಗದಕೈ ಕೊಟ್ಟು, ತಾನು ಸಾಕಿರುವ ಇಗ್ವಾನಾಕ್ಕೆ ಎರಡು ದಿನ ಸೊಪ್ಪು ಹಾಕಿ ಎಂದಿದ್ದ. ಇಗ್ವಾನಾ ಎಂದರೆ ಪರದೇಶದ ದೊಡ್ಡ ಓತಿಕ್ಯಾತ. ಗಾಜಿನ ಪೆಟ್ಟಿಗೆಯ ಮುಚ್ಚಳ ತೆಗೆದೆನೋ ಇಲ್ಲವೋ, ನಿಂತ ನೀರು, ಕೊಳೆತ ಸೊಪ್ಪಿನ ವಾಸನೆ ಮುಖಕ್ಕೆ ಬಡಿಯಿತು. ಆ ವಾಸನೆ ನನಗೆ ಹೊಸದಲ್ಲ. ಈ ಕಟ್ಟಡ ನಿಂತಿರುವ ಜಾಗದಲ್ಲೇ, ಬಾಣಸವಾಡಿ ಇನ್ನೂ ಅರ್ಧ ಹಳ್ಳಿಯಾಗಿದ್ದಾಗ, ನಮ್ಮ ಹೆಂಚಿನ ಮನೆ ಇತ್ತು. ಹಿತ್ತಲಲ್ಲಿ ಕೊಟ್ಟಿಗೆ, ಅದರ ಪಕ್ಕ ಹಸುಗಳು ಕಲಗಚ್ಚು ಕುಡಿಯುತ್ತಿದ್ದ ಕಲ್ಲುಬಾನಿ. ಹಸುಗಳನ್ನು ಕೊಟ್ಟ ಮೇಲೆ ಬರಿದಾದ ಆ ಬಾನಿಯನ್ನು ನೋಡಲು ಅಜ್ಜಿಗೆ ಆಗುತ್ತಿರಲಿಲ್ಲ. "ಅದ್ರಾಗೆ ಏನಾರ ಒಂದು ಜೀವ ಇರ್ಬೇಕು ಕಣೋ" ಎಂದು ಚಿಕ್ಕಪ್ಪನ ಹತ್ತಿರ ದಿನವೂ ಗೊಣಗುತ್ತಿದ್ದಳು.

ಚಿಕ್ಕಪ್ಪ ಒಂದು ಸಂಜೆ ಶಿವಾಜಿನಗರದ ಕಡೆಯಿಂದ ಬಟ್ಟೆಚೀಲದಲ್ಲಿ ಅಂಗೈಯಗಲದ ಆಮೆಯೊಂದನ್ನು ತಂದ. ಕಪ್ಪು ಚಿಪ್ಪಿನ ತುಂಬ ಹಳದಿ ಗೆರೆಯ ನಕ್ಷತ್ರಗಳು, ರಂಗೋಲಿ ಬಿಟ್ಟ ಹಾಗೆ. ಆಮೆ ಎಂದರೆ ನೀರು, ನಮಗೆ ಗೊತ್ತಿದ್ದದ್ದು ಅಷ್ಟೇ. ಕೂರ್ಮಾವತಾರವೂ ಸಮುದ್ರದಲ್ಲೇ ತಾನೇ ಆದದ್ದು? ಬಾನಿಗೆ ನಾಲ್ಕು ಬೆರಳು ನೀರು ಹಾಕಿ ಬಿಟ್ಟೆವು. ಪಕ್ಕದ ಮನೆಯ ಸೆಲ್ವಿ ಅಕ್ಕ ನೋಡಿ ಬಾಯಿಗೆ ಕೈ ಇಟ್ಟಳು. "ಅಯ್ಯೋ, ಆಮೆ ಹೊಕ್ಕ ಮನೆ ಉದ್ಧಾರ ಆಗಲ್ಲಮ್ಮಾ, ನಮ್ ತಮಿಳಲ್ಲಿ ಗಾದೇನೇ ಇದೆ." ಅಜ್ಜಿ ಬಿಡುತ್ತಾಳೆಯೇ? "ಸುಮ್ಕಿರೇ ಸೆಲ್ವಿ, ಸಾಕ್ಷಾತ್ ವಿಷ್ಣು ಬಂದವ್ನೆ." ಆಮೆಯಿಂದ ಮನೆಗೆ ಏನಾಗುತ್ತದೆಂದು ಬೇಲಿಯ ಎರಡೂ ಕಡೆ ವಾರಗಟ್ಟಲೆ ವಾದ ನಡೆಯಿತು. ಮನೆಯಿಂದ ಆಮೆಗೆ ಏನಾಗುತ್ತದೆಂದು ಒಬ್ಬರೂ ಕೇಳಲಿಲ್ಲ.

ನನಗಾಗ ಎಂಟು ವರ್ಷ. ಬಾನಿಯ ಉಸ್ತುವಾರಿ ನನ್ನ ಪಾಲಿಗೆ ಬಂತು. ಆಮೆ ಹಿಂಗಾಲಲ್ಲಿ ಎದ್ದು ನಿಂತು, ಪಾಚಿ ಕಟ್ಟಿದ ಕಲ್ಲನ್ನು ಮುಂಗಾಲಿನಿಂದ ಕೆರೆಯುತ್ತಿತ್ತು, ಜಾರಿ ನೀರಿಗೆ ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. "ಎಂಗೆ ಆಡ್ತೈತೆ ನೋಡು ಮಗಾ" ಎನ್ನುತ್ತಿದ್ದಳು ಅಜ್ಜಿ. ನಾನು ಚಪ್ಪಾಳೆ ತಟ್ಟುತ್ತಿದ್ದೆ. ಶಾಲೆಯಿಂದ ಬಂದವಳು ಮೊದಲು ಓಡುತ್ತಿದ್ದದ್ದೇ ಹಿತ್ತಲಿಗೆ, ಅಷ್ಟು ಪ್ರೀತಿ. ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಕಣ್ಣುಗಳು ಊದಿ ಮುಚ್ಚಿಕೊಂಡವು, ಮೂಗಿನಿಂದ ಗುಳ್ಳೆ ಬರತೊಡಗಿತು. ನಾನೂ ಚಿಕ್ಕಪ್ಪನೂ ದನದ ಡಾಕ್ಟರ ಹತ್ತಿರ ಒಯ್ದೆವು. ಅವರು ಚೀಲ ಬಿಡಿಸಿ ನೋಡಿ ತಲೆ ಚಚ್ಚಿಕೊಂಡರು.

"ನೀರಲ್ಲಿ ಇಟ್ಟಿದ್ರಾ? ಇದು ಒಣನೆಲದ ಆಮೆ ಕಣ್ರೀ. ಕುರುಚಲು ಕಾಡಲ್ಲಿ ಹುಲ್ಲು ತಿಂದ್ಕೊಂಡು ಓಡಾಡೋದು. ಇದಕ್ಕೆ ಈಜೋಕೇ ಬರಲ್ಲ."

ಮನೆಗೆ ಬರುವಷ್ಟರಲ್ಲಿ ಚೀಲದಲ್ಲೇ ಜೀವ ಹೋಗಿತ್ತು. ಅಜ್ಜಿ ಬಾನಿಯ ನೀರು ಚೆಲ್ಲಿ ಕವುಚಿ ಹಾಕಿದಳು. ಆಮೇಲೆ ಅಜ್ಜಿಯೂ ಹೋದಳು, ಮನೆಯೂ ಹೋಯಿತು. ಕಟ್ಟಡದ ಪಾಯ ತೆಗೆಯುವಾಗ ಬಾನಿ ಎರಡು ಹೋಳಾಯಿತು.

ನಮಗಾದರೂ ಗೊತ್ತಿರಲಿಲ್ಲ ಎನ್ನೋಣವೆಂದರೆ, ಆ ಮಾತೂ ನಿಲ್ಲುವುದಿಲ್ಲ. ಗೊತ್ತಿದ್ದು ಒಣ ನೆಲದಲ್ಲಿ ಬಿಟ್ಟಿದ್ದರೆ ಅದು ಹಿತ್ತಲ ಗೋಡೆಯನ್ನು ಕೆರೆಯುತ್ತಿತ್ತು, ಅಷ್ಟೇ. ಮೇಲಿನ ಹುಡುಗನಿಗೆ ಎಲ್ಲ ಗೊತ್ತಿದೆ. ಎಷ್ಟು ಶಾಖ, ಯಾವ ಸೊಪ್ಪು, ಎಂಥ ದೀಪ, ಎಲ್ಲ ಫೋನಿನಲ್ಲಿ ಓದಿದ್ದಾನೆ. ಊರಿಂದ ಬಂದವನು ಬೀಗದಕೈ ಇಸಿದುಕೊಳ್ಳುತ್ತ ನಕ್ಕ. "ತುಂಬಾ ಫ್ರೆಂಡ್ಲಿ ಆಂಟಿ ಇದು. ನನ್ನ ನೋಡಿದ್ರೆ ಸಾಕು, ಬರ್ತೀನಿ ಅಂತ ಗಾಜು ಕೆರಿಯುತ್ತೆ."

"ಅದು ನಿನ್ನ ಹತ್ರ ಬರೋಕಲ್ಲಪ್ಪಾ" ಎಂದೆ. ಧ್ವನಿ ಸ್ವಲ್ಪ ಜೋರಾಯಿತು. ಹುಡುಗ ಪೆಚ್ಚಾಗಿ ನಿಂತ. ಅವನನ್ನು ಬೈದು ಏನು ಫಲ? ಆಗ ಬಾನಿಯ ಕಲ್ಲಿನ ಹಸಿರು ಪಾಚಿಯ ಮೇಲೆ ಆಮೆಯ ಉಗುರಿನ ಗೀರುಗಳು ದಿನವೂ ಅದೇ ಎತ್ತರದವರೆಗೆ ಬಂದು ನಿಲ್ಲುತ್ತಿದ್ದವು. ಪ್ರತಿ ಭಾನುವಾರ ತೆಂಗಿನ ನಾರಿನಿಂದ ಅವನ್ನೆಲ್ಲ ಚೆನ್ನಾಗಿ ಉಜ್ಜಿ ತೊಳೆದು, ಬಾನಿಗೆ ಹೊಸ ನೀರು ಬಿಡುತ್ತಿದ್ದವಳು ನಾನೇ.