ಹಳ್ಳದಲ್ಲಿ ಸಿಕ್ಕ ನಮ್ಮೂರ ಕಡೆಯವನು

ಕೇರಳದ ಒಂದು ಕಡಿದಾದ ಹಳ್ಳದಲ್ಲಿ ಕಯಾಕ್ ರೇಸ್ ಇತ್ತು. ಬಂಡೆಗಳ ನಡುವೆ ಒಬ್ಬೊಬ್ಬರೇ ದೋಣಿಯಲ್ಲಿ ಧುಮುಕುತ್ತಾ ಇಳಿಯಬೇಕು. ಬೇಗ ಮುಟ್ಟಿದವರು ಗೆದ್ದಂತೆ. ನನಗಿಂತ ಮುಂಚೆ ಹೊರಟವನ ಜೊತೆ ಬೆಳಿಗ್ಗೆಯಿಂದ ಇಂಗ್ಲಿಷಿನಲ್ಲೇ ಮಾತಾಡಿದ್ದೆ. ಅರ್ಧ ದಾರಿಯಲ್ಲೇ ಅವನನ್ನು ಹಿಡಿಯುತ್ತೇನೆಂಬ ಧೈರ್ಯ ನನಗಿತ್ತು.

ಹಿಡಿದೆ ಕೂಡ. ಆದರೆ ಅವನ ದೋಣಿ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡು, ನೀರು ಕುತ್ತಿಗೆಯವರೆಗೆ ಬಂದಿತ್ತು.

"ಯವ್ವಾ, ಸತ್ತೆ! ಕೈ ಹಿಡೀರಿ, ತ್ವರಗಾ!" ಎಂದು ನಮ್ಮ ಗಡಿ ಸೀಮೆಯವರ ಹಾಗೆ ಕನ್ನಡ ತೆಲುಗು ಬೆರೆಸಿ ಚೀರಿದ.

ನಾನು ಬಂಡೆ ಹತ್ತಿ ಹಗ್ಗ ಎಸೆದು ಎಳೆಯುತ್ತಲೇ ಕೇಳಿದೆ: "ಯಾವೂರು ನಿಂದು?"

"ಪೆದ್ದಹರಿವಾಣಂ, ಅಕ್ಕಾ! ಮೊದಲು ಎಳೀರಿ!"

"ನಂದು ಆಸ್ಪರಿ, ನಿಮ್ಮ ಕಡೀದೇ. ಎಳೀತೀನಿ, ಒದ್ದಾಡಬ್ಯಾಡ."

ಎಳೆದು ದಂಡೆಗೆ ಹಾಕಿದೆ. ನೆರವಿಗೆ ನಿಂತವರಿಗೆ ಮತ್ತೊಮ್ಮೆ ಇಳಿಯಲು ಬಿಡುವುದು ಅಲ್ಲಿಯ ನಿಯಮ. ಆ ಸಲ ಒಂದು ಬಂಡೆಗೂ ತಾಗದೆ ಇಳಿದೆ. ಎರಡನೇ ಸ್ಥಾನ ಬಂತು.

ಅವನು ಮೆಲ್ಲಗೆ ಹತ್ತಿರ ಬಂದು, "ಅಕ್ಕಾ, ಊರಾಗ ಹೇಳಬ್ಯಾಡ್ರಿ, ಮರ್ಯಾದಿ ಹೋಗ್ತೈತಿ" ಎಂದ.

ಊರು ಮುಟ್ಟಿದ ದಿನವೇ ಹೇಳಿಬಿಟ್ಟೆ. ಆದರೆ ಒಂದು ಕೊಡ ನೀರಿಗೂ ಕಾಯಬೇಕಾದ ನಮ್ಮ ಬರದ ಸೀಮೆಯವನೊಬ್ಬ ನೀರು ಹೆಚ್ಚಾಗಿ ಸಾಯುವುದರಲ್ಲಿದ್ದ ಎಂದರೆ ಆಸ್ಪರಿಯಲ್ಲಿ ಒಬ್ಬರೂ ನಂಬಲಿಲ್ಲ.