ಕೂರಿಸಿದ ಅಳತೆ

ಶಿವಮೊಗ್ಗದಲ್ಲಿ ಬಿ.ಎಸ್ಸಿ. ಓದುವಾಗ ನಮ್ಮ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ‘ಕೂರಿಸುವುದು’ ಎಂಬ ಮಾತೊಂದಿತ್ತು. ಆಮ್ಲದ ಪ್ರಮಾಣ ಕಂಡುಹಿಡಿಯಲು ಬ್ಯುರೆಟ್ಟಿನಿಂದ ಹನಿಹನಿಯಾಗಿ ದ್ರಾವಣ ಬಿಡುತ್ತೇವೆ. ಫ್ಲಾಸ್ಕಿನಲ್ಲಿ ಬಣ್ಣ ತಿರುಗಿದ ಕೂಡಲೇ ನಿಲ್ಲಿಸಿ ಅಂಕೆ ಬರೆದುಕೊಳ್ಳುತ್ತೇವೆ. ಹೀಗೆ ಮೂರು ಸಲ. ಎರಡು ಅಂಕೆಗಳಾದರೂ ಒಂದೇ ಬರಬೇಕು. ಬರದಿದ್ದರೆ ಮೂರನೆಯ ಸಲ ಮಾಡದೆಯೇ ಎರಡನೆಯದರ ಅಂಕೆಯನ್ನು ಮತ್ತೊಮ್ಮೆ ಬರೆದುಬಿಡುತ್ತಿದ್ದೆವು. ಅದೇ ರೀಡಿಂಗ್ ಕೂರಿಸುವುದು.

“ಕೂತ್ಕೊಳ್ತಾ?” ಎಂದು ಪಕ್ಕದ ಟೇಬಲ್ಲಿನವಳು ಕೇಳುತ್ತಿದ್ದಳು.

“ಕೂರಿಸ್ದೆ” ಎನ್ನುತ್ತಿದ್ದೆ.

ಅದನ್ನು ಸುಳ್ಳು ಎಂದು ಯಾರೂ ತಿಳಿದಿರಲಿಲ್ಲ. ನನ್ನ ರೆಕಾರ್ಡ್ ಪುಸ್ತಕದಲ್ಲಿ ಅಕ್ಷರ ದುಂಡಗಿರುತ್ತಿತ್ತು, ಅಂಕೆಗಳೆಲ್ಲ ಕೂತಿರುತ್ತಿದ್ದವು. ಅಚ್ಚುಕಟ್ಟಿನ ಹುಡುಗಿ ಎಂಬ ಹೆಸರು ನನಗೆ ಬಂದದ್ದು ಹಾಗೆ.

ಡಿಗ್ರಿ ಮುಗಿದ ಮೇಲೆ ಒಂದು ವರ್ಷ ಸವಳಂಗ ರಸ್ತೆಯ ಮನೆಯಲ್ಲಿ ಕೂತು ಅರ್ಜಿ ಹಾಕಿದೆ. ಎಲ್ಲಿಂದಲೂ ಕರೆ ಬರಲಿಲ್ಲ. ಆಮೇಲೆ ಭದ್ರಾವತಿಯ ಕಮ್ಯುನಿಟಿ ಕಾಲೇಜೊಂದರಲ್ಲಿ ಡಿಪ್ಲೊಮಾಕ್ಕೆ ಸೇರಿದೆ. ಬೆಳಿಗ್ಗೆ ಕೈಗಾರಿಕಾ ರಸಾಯನಶಾಸ್ತ್ರ, ಮಧ್ಯಾಹ್ನ ಕ್ಯಾಡ್, ಅಂದರೆ ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ನಕ್ಷೆ ಬರೆಯುವುದು. ಎರಡೂ ಗೊತ್ತಿದ್ದರೆ ಫೌಂಡ್ರಿಗಳಲ್ಲಿ ಬೇಗ ಕೆಲಸ ಸಿಗುತ್ತದೆ ಎಂದು ಹೇಳಿದ್ದರು. ದಿನವೂ ಸಿಟಿ ಬಸ್ಸಿನಲ್ಲಿ ಸ್ಟ್ಯಾಂಡಿಗೆ, ಅಲ್ಲಿಂದ ಇನ್ನೊಂದು ಬಸ್ಸು. ನಾನು ಬಸ್ಸಿನಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಕಾಲೇಜಿನಲ್ಲೂ ಅಷ್ಟೇ ಆಗುತ್ತಿತ್ತೋ ಏನೋ. ಆದರೆ ಕಂಪ್ಯೂಟರುಗಳು ಕಡಿಮೆಯಿದ್ದು ಒಂದಕ್ಕೆ ಇಬ್ಬರಂತೆ ಕೂರಬೇಕಿತ್ತು. ನನ್ನ ಪಕ್ಕಕ್ಕೆ ಊರಿನವಳೇ ಒಬ್ಬಳು ಬಂದಳು.

ಅವಳ ತಂದೆ ಲಾರಿ ಮೆಕ್ಯಾನಿಕ್. ಭದ್ರಾವತಿಯಲ್ಲೇ ಗ್ಯಾರೇಜು. ಪಿಯುಸಿ ಆದ ಮೇಲೆ ಅವಳು ನಾಲ್ಕು ವರ್ಷ ಆ ಗ್ಯಾರೇಜಿನ ಬಿಲ್ಲು ಬರೆದು, ಬಿಡಿಭಾಗ ಗುರುತಿಸಿ, ಆಮೇಲೆ ಓದಲು ಬಂದವಳು. ಮೊದಲ ದಿನವೇ ನನಗೆ ‘ಕೆಮಿಸ್ಟ್ರಿ’ ಎಂದು ಹೆಸರಿಟ್ಟಳು.

“ಏ ಕೆಮಿಸ್ಟ್ರಿ, ಬಾಯಲ್ಲಿ ಪಿಪೆಟ್ ಇಟ್ಕೊಂಡಿದೀಯೇನೇ? ಎರಡು ಮಾತಾಡು ಮಾರಾಯ್ತಿ.”

ಅವಳೂ ‘ಕೂರುವ’ ಮಾತನ್ನು ಆಡುತ್ತಿದ್ದಳು, ಬೇರೆ ಅರ್ಥದಲ್ಲಿ. ಪರದೆಯ ಮೇಲಿನ ನಕ್ಷೆಯನ್ನು ನೋಡಿ, “ಈ ಬೋಲ್ಟ್ ಇಲ್ಲಿ ಕೂರಲ್ಲ, ಸ್ಪ್ಯಾನರ್ ತಿರುಗ್ಸಕ್ಕೆ ಜಾಗ ಎಲ್ಲಿದೆ?” ಎನ್ನುತ್ತಿದ್ದಳು. ಲೆಕ್ಕ ಹಾಕಿ ನೋಡಿದರೆ ಅವಳ ಮಾತು ಸರಿಯಿರುತ್ತಿತ್ತು. ಕ್ಯಾಡ್ ಕಲಿಸುತ್ತಿದ್ದ ಸರ್ ಕಾರ್ಖಾನೆಯಲ್ಲಿ ನಕ್ಷೆಗಾರರಾಗಿ ನಿವೃತ್ತರಾದವರು, ಹಲಗೆಯ ಮೇಲೆ ಪೆನ್ಸಿಲ್ ಹಿಡಿದು ಬರೆದು ಬೆರಳು ಗಂಟುಕಟ್ಟಿದವರು. ಅವರಿಗೆ ಅವಳನ್ನು ಕಂಡರೆ ಇಷ್ಟ.

ಎರಡನೆಯ ಸೆಮಿಸ್ಟರಿನಲ್ಲಿ ಸರ್ ಒಂದು ಕೆಲಸ ತಂದರು. ಶಿವಮೊಗ್ಗದ ಹೊರಗೆ ಅವರ ಪರಿಚಯದವರದ್ದೊಂದು ವರ್ಕ್‌ಶಾಪ್ ಇತ್ತು. ಅಲ್ಲಿ ಮೋಟಾರಿನ ಕೆಳಗಿಡುವ ಉಕ್ಕಿನ ತಟ್ಟೆಯೊಂದು ಬಿರುಕು ಬಿಟ್ಟಿತ್ತು. ಅದನ್ನು ಅಳೆದು ನಕ್ಷೆ ಮಾಡಿಕೊಟ್ಟರೆ ಅವರು ಹೊಸದು ಕತ್ತರಿಸುತ್ತಾರೆ. ನಕ್ಷೆ ಸರಿಬಂದರೆ ಮಾಡಿದವರಿಗೆ ಅಲ್ಲೇ ಕೆಲಸ.

“ಇದು ನಿಂದು” ಎಂದು ಸರ್ ಅವಳಿಗೆ ಹೇಳಿದರು. ನನ್ನತ್ತ ತಿರುಗಿ, “ನೀನು ಜೊತೇಲಿರಮ್ಮ. ಕೀಬೋರ್ಡಲ್ಲಿ ನಿನ್ನ ಕೈ ಚುರುಕು” ಎಂದರು.

ಅವಳಿಗೆ ಡಿಗ್ರಿ ಇರಲಿಲ್ಲ. ಎರಡು ಕಡೆ ಕೇಳಿ, ಅದೇ ಕಾರಣಕ್ಕೆ ವಾಪಸ್ ಬಂದಿದ್ದಳು. “ಕಾಗದ ನೋಡ್ದೆ ಕೆಲ್ಸ ನೋಡೋರು ಇವರೊಬ್ರೇ ಸಿಕ್ಕಿರೋದು” ಎಂದಳು, ನಗದೆ.

ಬಿರುಕು ಬಿಟ್ಟ ತಟ್ಟೆ ಕ್ಯಾಡ್ ಕೋಣೆಗೆ ಬಂದ ದಿನ ಅವಳು ತಂದೆಯ ವರ್ನಿಯರ್ ತಂದಿದ್ದಳು. ಮಿಲಿಮೀಟರಿನ ಸಣ್ಣ ಪಾಲನ್ನೂ ಅಳೆಯುವ ಉಕ್ಕಿನ ಸಾಧನ, ಹಿಡಿದು ಹಿಡಿದು ನುಣುಪಾಗಿತ್ತು. ಅವಳು ಅಳತೆ ಹೇಳುತ್ತ ಹೋದಳು, ನಾನು ಗೆರೆ ಎಳೆಯುತ್ತ ಹೋದೆ. ಬೋಲ್ಟಿನ ಎರಡು ತೂತುಗಳ ನಡುವಿನ ದೂರ ನೂರ ಮೂವತ್ತೇಳು ಎಂದಳು. ಎಲ್ಲ ಮುಗಿಯುವ ಹೊತ್ತಿಗೆ ಮತ್ತೆ ತೂತನ್ನು ಚಿಂದಿಬಟ್ಟೆಯಿಂದ ಒರೆಸಿ ಅಳೆದಳು.

“ತಡಿ, ಗ್ರೀಸ್ ಮೆತ್ಕೊಂಡಿತ್ತು. ನೂರ ನಲವತ್ತು ಇದು.”

ಸರಿಪಡಿಸಲು ತೂತನ್ನೇ ಸರಿಸಬೇಕಿತ್ತು. ಅದಕ್ಕೆ ತಗುಲಿದ ಇನ್ನಷ್ಟು ಗೆರೆಗಳನ್ನೂ. ನನ್ನ ಬಸ್ಸಿಗೆ ಹತ್ತು ನಿಮಿಷವಿತ್ತು. ಅವಳು ವರ್ನಿಯರನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ನಾನು ಅಂಕೆಯ ಮೇಲೆ ಎರಡು ಸಲ ಒತ್ತಿ, 137 ಅಳಿಸಿ, 140 ಎಂದು ಬರೆದೆ. ಗೆರೆ ಇದ್ದಲ್ಲೇ ಇತ್ತು, ಪರದೆಯ ಮೇಲೆ ಅಂಕೆ ಚೆನ್ನಾಗಿ ಕೂತಿತು. ಮರುದಿನ ಗೆರೆ ಸರಿಮಾಡುತ್ತೇನೆ ಎಂದುಕೊಂಡಿದ್ದೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ, ಹಾಗೇನೂ ಅಂದುಕೊಂಡಿರಲಿಲ್ಲ. ಫೈಲು ಅವಳ ಹೆಸರಿನಲ್ಲಿ ಹೋಯಿತು.

ಎಂಟು ದಿನದ ಮೇಲೆ ಸರ್ ಹೊಸ ತಟ್ಟೆಯನ್ನು ತಂದು ಮೇಜಿನ ಮೇಲಿಟ್ಟರು. ಸದ್ದಿಗೆ ಎಲ್ಲರೂ ತಿರುಗಿ ನೋಡಿದರು.

“ಮೂರು ಬೋಲ್ಟ್ ಕೂತ್ವು. ನಾಲ್ಕನೇದು ಕೂರ್ತಿಲ್ಲ. ಅಳತೆ ಯಾರಮ್ಮ ತಗೊಂಡಿದ್ದು?”

“ನಾನೇ ಸಾರ್.”

“ನಕ್ಷೇಲಿ ನೂರ ನಲವತ್ತು ಅಂತಿದೆ. ಫೈಲಲ್ಲಿದ್ದ ಹಾಗೇ ಕತ್ತರಿಸಿದೀವಿ ಅಂತಾರೆ ಅವರು. ಅಳತೆ ತಗೊಳ್ಳೋವಾಗ ತಪ್ಪಾಯ್ತಾ?”

“ಇಲ್ಲ ಸಾರ್. ಮೊದ್ಲು ನೂರ ಮೂವತ್ತೇಳು ತೋರಿಸ್ತು, ಆಮೇಲೆ ನಲವತ್ತು ತೋರಿಸ್ತು.” ಅವಳ ದನಿ ತಗ್ಗಿತು. “ವರ್ನಿಯರೇ ಸರಿ ಇಲ್ವೇನೋ.”

ಆಮೇಲೆ ನನ್ನತ್ತ ನೋಡಿದಳು. ಅನುಮಾನದ ನೋಟವಲ್ಲ. ಕಂಪ್ಯೂಟರಿನ ವಿಷಯ ಬಂದಾಗ ನಾನು ಬಾಯಿಬಿಡುತ್ತೇನೆಂದು ಕಾಯುವ, ದಿನದ ನೋಟ.

“ನೋಡ್ಬೇಕು ಸರ್” ಎಂದೆ. ಅಷ್ಟೇ ಅಂದದ್ದು.

ಆ ವಾರ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಎರಡು ಪದದ ಆ ಮಾತನ್ನು ಬೇರೆ ಬೇರೆಯಾಗಿ ಹೇಳಿಕೊಂಡೆ. ಮನೆಯಲ್ಲಿ ಅಮ್ಮ “ಯಾಕೆ ಊಟ ಸೇರ್ತಿಲ್ಲ” ಎಂದದ್ದಕ್ಕೆ ಲ್ಯಾಬಿನ ವಾಸನೆ ಎಂದೆ. ನಾಲ್ಕನೆಯ ದಿನ ಸರ್ ನನ್ನನ್ನು ಕರೆದರು.

“ಡಿಗ್ರಿ ಆಗಿರೋ ಹುಡುಗಿ ಇದ್ರೆ ಕಳಿಸಿ ಅಂದ್ರು ವರ್ಕ್‌ಶಾಪಿನವರು. ಹೋಗ್ತೀಯಾ?”

ನಾನು ಕಂಪ್ಯೂಟರ್ ತೆರೆದು ಆ ಫೈಲನ್ನು ತೋರಿಸಿದೆ. ಗೆರೆಯನ್ನು ಆರಿಸಿ ಅದರ ನಿಜವಾದ ಉದ್ದ ಬರುವಂತೆ ಮಾಡಿದೆ. ನೂರ ಮೂವತ್ತೇಳು. ಸರ್ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಅಂಕೆ ತಿದ್ದಿದೀಯ. ಗೆರೆ ತಿದ್ದಿಲ್ಲ.”

“ಹೌದು ಸರ್.”

“ನಾವು ಹಲಗೆ ಮೇಲೆ ಬರಿಯೋವಾಗ ಅಂಕೆ ನೋಡಿ ಮಾಡೋ ಮನುಷ್ಯ ಇರ್ತಿದ್ದ. ಈಗಿನ ಮಷೀನು ಅಂಕೆ ಓದಲ್ಲಮ್ಮ, ಗೆರೆ ಓದುತ್ತೆ.” ಬೈಯಲಿಲ್ಲ. ಫೋನ್ ತೆಗೆದುಕೊಂಡು ಹೊರಗೆ ಹೋದರು. ಬಂದು, “ನಿಮ್ಮಿಬ್ಬರ ಸಹವಾಸವೇ ಬೇಡ ಅಂತಾರೆ. ಬೇರೆಯವರನ್ನ ನೋಡ್ಕೊಳ್ತಾರಂತೆ” ಎಂದರು. ಬಾಗಿಲ ತನಕ ಹೋಗಿದ್ದ ನನ್ನನ್ನು ನಿಲ್ಲಿಸಿ ಕೇಳಿದರು: “ನಂಗೆ ಹೇಳಿದ್ದಾಯ್ತು. ಅವಳಿಗೆ?”

ಅವಳು ಎರಡು ದಿನದಿಂದ ಕಾಲೇಜಿಗೆ ಬಂದಿರಲಿಲ್ಲ. ಕೇಳಿಕೊಂಡು ಗ್ಯಾರೇಜಿಗೆ ಹೋದೆ. ಬಿಚ್ಚಿಟ್ಟ ಗೇರ್‌ಬಾಕ್ಸಿನ ಪಕ್ಕ ಸ್ಟೂಲಿನ ಮೇಲೆ ಕೂತು ಬಿಲ್ಲು ಬರೆಯುತ್ತಿದ್ದಳು. ಹೇಳಬೇಕಾದದ್ದನ್ನು ನಾನು ಒಂದೇ ಉಸಿರಿಗೆ, ಪ್ರಯೋಗದ ವರದಿಯ ಹಾಗೆ ಹೇಳಿದೆ. ಅವಳು ಪೆನ್ನಿನ ಕ್ಯಾಪ್ ಹಾಕಿದಳು.

“ಕೆಲ್ಸ ಹೋಯ್ತು, ಬಿಡು. ನಾನು ಮನೇಲಿ ನಮ್ಮಬ್ಬಾಗೆ ಏನಂದೆ ಗೊತ್ತಾ? ಅಬ್ಬಾ, ನಿಮ್ಮ ವರ್ನಿಯರ್ ಸವೆದೋಗಿದೆ, ಅದನ್ನ ನಂಬಿ ಕೆಟ್ಟೆ ಅಂದೆ. ಅವತ್ತಿಂದ ಅದನ್ನ ಮುಟ್ಟಿಲ್ಲ ಅವರು. ಪಕ್ಕದ ಶೆಡ್ಡಿಂದ ಕೇಳಿ ತಗೊಂಡು ಬರ್ತಾರೆ.” ಲಾರಿಯತ್ತ ಕೈ ತೋರಿಸಿ, “ನಂಗಲ್ಲ, ಅವರಿಗೆ ಹೇಳು” ಎಂದಳು.

ಅವಳ ತಂದೆ ಲಾರಿಯ ಅಡಿಯಿಂದ ಬಂದು ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡರು. ಗೆರೆ, ಫೈಲು ಎಂದು ನಾನು ಹೇಳಿದ್ದು ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

“ಹಂಗಾದ್ರೆ ನೂರ ನಲವತ್ತೇ ಸರಿ ಅಲ್ವಾ ಬೇಟಾ?”

“ಸರಿ. ವರ್ನಿಯರ್ ಸರಿಯಾಗೇ ಇದೆ.”

ಅವರು ಕಬ್ಬಿಣದ ಡಬ್ಬಿಯಿಂದ ಅದನ್ನು ಹೊರತೆಗೆದು, ಕೈಗೆ ಸಿಕ್ಕಿದ ಬೇರಿಂಗ್ ಒಂದನ್ನು ಅಳೆದರು. ಬೆಳಕಿಗೆ ಹಿಡಿದು ಓದಿದರು. ಮತ್ತೊಮ್ಮೆ ಅಳೆದರು. ಅಂಗಿಯ ಜೇಬಿಗೆ ಹಾಕಿಕೊಂಡು ಲಾರಿಯ ಅಡಿಗೆ ಹೋದರು. ಮಗಳು ಅವರ ಕಾಲುಗಳನ್ನೇ ನೋಡುತ್ತಿದ್ದಳು, ನನ್ನನ್ನಲ್ಲ.

ಮುಂದಿನ ವಾರ ಬೆಳಗಿನ ಲ್ಯಾಬಿನಲ್ಲಿ ನನ್ನ ಮೂರು ರೀಡಿಂಗ್‌ಗಳು ಮೂರು ತರಹ ಬಂದವು. ಹಾಗೆಯೇ ಬರೆದೆ. ಮೇಡಂ ಕೆಂಪು ಗೆರೆ ಎಳೆದು ಮತ್ತೆ ಮಾಡಲು ಹೇಳಿದರು. ನಾಲ್ಕು, ಐದು ಎಂದು ಮಾಡುತ್ತ ಹೋದೆ. ಕ್ಯಾಡ್ ಕೋಣೆಗೆ ಹೋಗುವಾಗ ತಡವಾಗಿತ್ತು. ಅವಳು ಬಂದಿದ್ದಳು, ನಮ್ಮ ಕಂಪ್ಯೂಟರಿನ ಮುಂದೆ ಒಬ್ಬಳೇ ಇದ್ದಳು. ನಾನು ಹಿಂದೆ ನಿಂತೆ. ಅವಳು ಬ್ಯಾಗನ್ನು ಪಕ್ಕದ ಕುರ್ಚಿಯಿಂದ ತೆಗೆದಳು.

“ಕೂತ್ಕೊಳ್ಳಿ” ಎಂದಳು.

ಅವಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು. ವರ್ಷ ಮುಗಿಯುವ ತನಕ ಅದನ್ನು ಬಿಡಲಿಲ್ಲ.